ಸರದಿಯಲ್ಲಿ ನಿಂತ ನಾಯಕರು

ಮೇ ದಿನಕ್ಕೆ ಟ್ರಾಮ್ ಡಿಪೋದ ಗೋಡೆಹಲಗೆಯನ್ನು ಚಿತ್ರಗಳಿಂದ ತುಂಬಿಸುವ ಕೆಲಸ ಆ ವರ್ಷ ಫಿಟ್ಟರ್ ಲುಬೋರ್ ಶ್ವೆಹ್ಲಾನ ತಲೆಗೆ ಬಿತ್ತು. ‘ನಮ್ಮ ಸುಖೀ ಜೀವನ’ ಎಂಬ ವಿಷಯವನ್ನೂ ಮೇಲಿನವರೇ ಕೊಟ್ಟಿದ್ದರು; ಚೆಂದದ ಹಲಗೆಗೆ ಬಹುಮಾನವೂ ಇತ್ತು. ಮಾಂಸದಂಗಡಿಯ ಮುಂದೆ ಸಂಜೆಯೆಲ್ಲ ಕಾದು ಬರಿಗೈಲಿ ಮನೆಗೆ ಹೋಗುವ ಬ್ರನೋ ಊರಿನ ಟ್ರಾಮ್ ಫಿಟ್ಟರಿಗೆ ಸುಖದ ಫೋಟೋ ಎಲ್ಲಿ ಸಿಗಬೇಕು?

ಒಂದು ಸಂಜೆ ಕಾದು ಬೇಸತ್ತು ತಾನೇ ತೆಗೆದಿದ್ದ ಮಾಂಸದ ಸರದಿಯ ಫೋಟೋದ ದೊಡ್ಡ ಪ್ರಿಂಟ್ ಹಾಕಿಸಿದ. ಆಳುವ ಪಕ್ಷದ ಪತ್ರಿಕೆಯಿಂದ ನಾಯಕರ ತಲೆ ಕತ್ತರಿಸಿ, ಕೈಚೀಲ ಹಿಡಿದ ಒಂದೊಂದು ಮೈಗೂ ಒಂದೊಂದು ಅಂಟಿಸಿದ. ಹಿಂಬಾಗಿಲಿನಿಂದ ಮಾಂಸ ತರಿಸಿಕೊಳ್ಳುವ ಮಹನೀಯರು ಜನ್ಮದಲ್ಲಿ ಮೊದಲ ಸಲ ಸರದಿಯಲ್ಲಿ ನಿಂತರು.

ಬೆಳಗ್ಗೆ ಹಲಗೆ ನೋಡಿದ ಉಗ್ರಾಣದ ಜ್ದೆಂಕಾ ಎದೆ ಹಿಡಿದುಕೊಂಡಳು. “ಕಿತ್ತು ಹಾಕೋ ಮಾರಾಯ. ನಿನ್ ಜೊತೆ ನಮ್ಮನ್ನೂ ಎಳ್ಕೊಂಡು ಹೋಗ್ತಾರೆ.”

“ಅಂಟಿಸಿದ್ದು ನಾನು. ಕೀಳಲ್ಲ.”

ಮೇಸ್ತ್ರಿ ಹಾನಾಕ್ ಉಪಾಯ ತಂದ. “ಮುಖದ ಮೇಲೆಲ್ಲ ಒಂದೊಂದು ಹೂವು ಅಂಟಿಸ್ಬಿಡು. ಹಬ್ಬದ ಕಳೆನೂ ಬರುತ್ತೆ.”

“ಹೂವಿಗ್ಯಾಕಯ್ಯ ಹಂದಿಮಾಂಸ?” ಎಂದ ಲುಬೋರ್. ಹಲಗೆಗೆ ಬೆನ್ನು ಕೊಟ್ಟು ನಿಂತ. ಕೆಲಸ ಹೋದರೆ ಹೋಗಲಿ, ಆ ಗೋಡೆ ಒಂದು ದಿನವಾದರೂ ನಿಜ ಹೇಳಲಿ ಎಂಬ ಹಟ ಅವನದು.

ಮಧ್ಯಾಹ್ನ ಪಕ್ಷದ ಕಾರ್ಯದರ್ಶಿ ಕಡ್ಲ್‌ಚೀಕ್ ಜಿಲ್ಲೆಯ ಇಬ್ಬರು ಅತಿಥಿಗಳನ್ನು ಕರೆದುಕೊಂಡು ಬಂದ. ಚಿತ್ರ ನೋಡಿದ, ಅತಿಥಿಗಳನ್ನು ನೋಡಿದ, ಕತ್ತಿನ ಬೆವರು ಒರೆಸಿಕೊಂಡ.

“ನಮ್ಮ ನಾಯಕರು ಜನರ ನಡುವೆ ಜನರ ಹಾಗೇ ನಿಂತಿದ್ದಾರೆ,” ಎಂದು ದನಿಯೆತ್ತಿದ. “ಇಂಥ ನಿಷ್ಠೆ ನಾನು ಕಂಡಿರಲಿಲ್ಲ.” ಅತಿಥಿಗಳು ಚಪ್ಪಾಳೆ ತಟ್ಟಿದರು. ಡಿಪೋ ಪೂರಾ ತಟ್ಟಿತು.

“ಕಾಮ್ರೇಡ್, ಅದು ಅಣಕ,” ಎಂದ ಲುಬೋರ್.

ಕಾರ್ಯದರ್ಶಿ ಅಪ್ಪಿಕೊಳ್ಳುವವನಂತೆ ಬಗ್ಗಿ ಅವನ ಕಿವಿಯಲ್ಲಿ ಉಸುರಿದ. “ನಂಗೇನು ಕಣ್ಣಿಲ್ವಾ? ಅಣಕ ಅಂದ್ರೆ ನಿನ್ ಜೊತೆ ನಾನೂ ಮುಳುಗ್ತೀನಿ. ಮೊದಲನೇ ಬಹುಮಾನ ನಿಂದೇ. ಬಾಯ್ಮುಚ್ಕೊಂಡು ತಗೋ.”

ಬಹುಮಾನ ಒಂದು ಇಡೀ ಹಂದಿತೊಡೆ. ಅಂಗಡಿಯ ಹಿಂಬಾಗಿಲಲ್ಲಿ ಕೊಡುತ್ತಾರೆಂದು ಎಲ್ಲರೆದುರೇ ಸಾರಿದರು.

ಸಂಜೆ ಮಾಂಸದಂಗಡಿಯವನು ಹಿಂಬದಿಯಿಂದ ಕೈ ಬೀಸಿ ಕರೆದ. “ನಾಯಿಗೆ ಹಾಕು ಅದನ್ನ,” ಎಂದ ಲುಬೋರ್, ಎದೆ ಸೆಟೆಸಿ ಸರದಿಯ ಕೊನೆಯಲ್ಲಿ ನಿಂತ. ಮುಂದಿದ್ದ ಹೆಂಗಸು ತಿರುಗಿದಳು. ಜ್ದೆಂಕಾ.

“ಅಣಕ ಅಂತ ನಾನು ಬೆಳಗ್ಗೆಯಿಂದ ನಡುಗಿದ್ನಲ್ಲ, ಹಂದಿತೊಡೆಗೋಸ್ಕರ ಬೆಣ್ಣೆ ಹಚ್ಚಿದ್ದು ಅಂತ ಹೊಳೀಲೇ ಇಲ್ಲ, ನನ್ ಬುದ್ಧಿಗಿಷ್ಟು,” ಎಂದಳು, ಸಾಲಿಗೆಲ್ಲ ಕೇಳುವಂತೆ. “ಇಲ್ಯಾಕಪ್ಪಾ ನಿಂತೆ? ಗೋಡೆ ಮೇಲೆ ನಿಂದೇ ಒಂದು ಸರದಿ ಇದೆಯಲ್ಲ. ಅಲ್ಲಿ ಹೋಗಿ ನಿಂತ್ಕೋ, ದೊಡ್ಡೋರ ಹಿಂದೆ.”

ಸಾಲು ನಗುತ್ತ ಅವನನ್ನು ಮೊಣಕೈಯಲ್ಲಿ ಆಚೆ ನೂಕಿತು. ಲುಬೋರ್ ಮತ್ತೆ ಬಂದು ನಿಂತ. ಮತ್ತೆ ನೂಕಿದರು. ಮತ್ತೂ ಬಂದು ನಿಂತ.