ಬಹುಮತದ ಮೀಸೆ

ಕ್ಷೌರಿಕನ ಅಂಗಡಿಗೆ ಇದ್ದದ್ದು ಒಂದು ಕನ್ನಡಿ, ಒಂದು ಬೆಂಚು, ಒಂದೇ ಒಂದು ಕುರ್ಚಿ. ಬಾಗಿಲೆದುರು ಮಾತ್ರ ಭಾರೀ ಗುಂಡಿ. ಗಿರಾಕಿಗಳು ತಲೆ ಕೊಡುವ ಮೊದಲು ಕಾಲು ಕೊಡಬೇಕಿತ್ತು. ಅರ್ಧ ಜನ ಬರುವುದನ್ನೇ ಬಿಟ್ಟಿದ್ದರು. ಊರ ಪಂಚಾಯ್ತಿಯ ಹಳೇ ಅಧ್ಯಕ್ಷರನ್ನು ಕೇಳಿದರೆ "ಆಗಲ್ಲ, ನಡಿ" ಎನ್ನುತ್ತಿದ್ದರು. ಹೊಸಬರು ಹಾಗಲ್ಲ. ಹತ್ತು ಜನರನ್ನು ಕೇಳದೆ ಸೀನುವುದೂ ಇಲ್ಲ. ಗುಂಡಿಯ ಬಗ್ಗೆ ಇನ್ನೂ ಅಭಿಪ್ರಾಯ ಕೇಳುತ್ತಲೇ ಇದ್ದರು.

ಇವತ್ತು ಬೆಳಿಗ್ಗೆ ಆ ಹೊಸ ಅಧ್ಯಕ್ಷರೇ ಗುಂಡಿ ದಾಟಿ ಬಂದರು. ಮೊದಲು ಮೀಸೆ ಬಂತು, ಹಿಂದೆ ಅವರು. ಊರಿಗೆಲ್ಲ ಅವರ ಗುರುತೇ ಆ ಮೀಸೆ. ಮುಖ ನನ್ನ ಕೈಗೆ ಸಿಕ್ಕಿದೆ, ಗುಂಡಿ ಮುಚ್ಚಿಸದೆ ಬಿಡಬಾರದು ಎಂದುಕೊಂಡ ಕ್ಷೌರಿಕ.

"ಮೀಸೆ ಏನ್ಮಾಡ್ಲಿ, ಸ್ವಾಮಿ?"

ಅಧ್ಯಕ್ಷರು ಬೆಂಚಿನಲ್ಲಿ ಕೂತವರ ಕಡೆ ತಿರುಗಿದರು. "ನೀವೆಲ್ಲ ಏನಂತೀರಿ?"

"ತುದಿ ತಿರುವಿಸಿ, ಗತ್ತಿರಲಿ," ಎಂದ ದರ್ಜಿ.

"ಸಣ್ಣ ಮಾಡ್ಸಿ. ಪೊರಕೆ ಕಚ್ಕೊಂಡ ಹಾಗಿದೆ," ಎಂದರು ಮೇಷ್ಟ್ರು.

ಪಕ್ಕದ ಮನೆ ಅಜ್ಜಿ ಕಿಟಕಿಯಿಂದ ತಲೆ ಹಾಕಿದರು. "ನಮ್ಮನೆಯವರಿಗೂ ಹೀಗೇ ಇತ್ತಪ್ಪ. ಮುಟ್ಟಬೇಡ."

ದರ್ಜಿಯ ಮಾತಿಗೆ ಎಡಗಡೆ ತಿರುವಿದ್ದಾಯಿತು, ಮೇಷ್ಟ್ರ ಮಾತಿಗೆ ಬಲಗಡೆ ಕತ್ತರಿಸಿದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಮೀಸೆಯ ಎರಡು ತುದಿ, ಪಾಲಿಗೆ ಜಗಳಾಡಿದ ಅಣ್ಣತಮ್ಮಂದಿರ ಹಾಗೆ, ಒಂದರ ಮುಖ ಒಂದು ನೋಡುತ್ತಿರಲಿಲ್ಲ.

ಕ್ಷೌರಿಕನ ತಾಳ್ಮೆ ಕೆಟ್ಟಿತು. "ಇಲ್ಲಿ ಕತ್ತಿ ಹಿಡಿದವನ ಮಾತೇ ಕೊನೆ, ಸ್ವಾಮಿ. ತಲೆ ಎತ್ತಿ."

ಸರಕ್ ಸರಕ್. ಮೀಸೆ ನೆಲದ ಮೇಲಿತ್ತು.

ಅಧ್ಯಕ್ಷರು ಕನ್ನಡಿಯನ್ನೇ ನೋಡಿದರು. ನಿಧಾನಕ್ಕೆ ಮುಖ ಅರಳಿತು. "ಆಳೋದು ಅಂದ್ರೆ ಇಷ್ಟು ಸಲೀಸಾ? ಈಗಲೇ ಕಚೇರಿಗೆ ಹೋಗಿ ನಿನ್ನ ಗುಂಡಿ ಮುಚ್ಚಿಸೋಕೆ ಸಹಿ ಹಾಕ್ತೀನಿ. ಯಾರನ್ನೂ ಕೇಳಲ್ಲ."

ಕ್ಷೌರಿಕ ಖುಷಿಗೆ ಇದ್ದವರಿಗೆಲ್ಲ ಪುಕ್ಕಟೆ ಗಡ್ಡ ಹೆರೆದ.

ಸಂಜೆ ಅಧ್ಯಕ್ಷರು ಮತ್ತೆ ಬಂದರು, ಈ ಸಲ ಒಂದು ಕಾಲು ಗುಂಡಿಗಿಟ್ಟೇ.

"ಸಹಿ ಆಯ್ತಾ, ಸ್ವಾಮಿ?"

"ಕಾವಲುಗಾರ ಒಳಗೇ ಬಿಡಲಿಲ್ಲ ಕಣಯ್ಯ."

"ನಾನೇ ಅಧ್ಯಕ್ಷ ಅನ್ನಬಾರದಿತ್ತಾ?"

"ಅಂದೆ. ಜನರನ್ನ ಕೇಳದೆ ಏನೂ ಮಾಡಬೇಡ ಅಂತ ಅವನಿಗೆ ಕಲಿಸಿದ್ದೂ ನಾನೇ ಅಲ್ವಾ? ಸಾಲಲ್ಲಿ ನಿಂತವರ ಕೈ ಎತ್ತಿಸಿದ. ನಾನು ನಾನಲ್ಲ ಅಂತ ಬಹುಮತದಿಂದ ತೀರ್ಮಾನ ಆಯ್ತು."

ಅಧ್ಯಕ್ಷರು ಕುರ್ಚಿಯಲ್ಲಿ ಒರಗಿದರು. "ಮೀಸೆ ಬರೋವರೆಗೂ ಇಲ್ಲೇ ಇರೋಣ ಅಂತ. ನೀವೆಲ್ಲ ಏನಂತೀರಿ?"

ಬೆಳಿಗ್ಗೆಯಿಂದ ಒಂದು ಮಾತಿಗೂ ಒಪ್ಪದಿದ್ದ ದರ್ಜಿ, ಮೇಷ್ಟ್ರು, ಕಿಟಕಿಯ ಅಜ್ಜಿ ಒಟ್ಟಿಗೆ ಕೈ ಎತ್ತಿದರು.

ಇದ್ದ ಒಂದೇ ಕುರ್ಚಿಯೂ ಹೋಯಿತು. ಕ್ಷೌರಿಕ ಹೊರಗೆ ಹೋಗಿ ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಕೂರಲು ಅಳತೆ ಸರಿಯಾಗಿತ್ತು.