ನರ್ಸಬಾಯಿಗೆ ಬರೆದ ಕ್ರಿಸ್‌ಮಸ್ ಪದ್ಯಗಳು

ಯಾರಾದರೂ ಕೇಳಿ ಬರೆಸಿಕೊಂಡ ಪದ್ಯ ನನ್ನ ಕೈಯಲ್ಲಿ ಹೇಗಾದರೂ ಕೆಡುತ್ತಲೇ ಬಂದಿದೆ. ಮುದ್ದೇಬಿಹಾಳದಲ್ಲಿ ಕನ್ನಡ ಮಾಸ್ತರನಾಗಿದ್ದೆ. ಪಕ್ಕದ ಮನೆಯ ನರ್ಸಬಾಯಿ ಕ್ರಿಸ್‌ಮಸ್‌ಗೆ ಹಾಡಲು ನಾಲ್ಕು ಸಾಲು ಕೇಳುತ್ತಿದ್ದರು. ಪಾಪ, ಮೂರು ಸಲ ಕೇಳಿದರು.

ಹಿಮ

ಮೊದಲ ವರ್ಷ ಪದ್ಯದಲ್ಲಿ ಹಿಮ ಸುರಿಸಿದೆ. ನಾನು ಹಿಮ ಕಂಡವನಲ್ಲ. ಅವರ ಅಂಗಳದಲ್ಲಿ ನಾನೇ ಓದಿದೆ. ಸಿಂದಗಿ ಕಡೆ ಹೊಲ ಮಾಡಿದ್ದ ಅವರ ತಾಯಿ, ಹಿಮ ಬಿದ್ದರೆ ಕಡಲೆ ಬೆಳೆ ಉಳಿಯುತ್ತದೆಯೇ ಎಂದು ಕೇಳಿದರು. ನನಗೆ ಸಿಟ್ಟು ಬಂತು. ಪದ್ಯದಲ್ಲಿ ಏನು ಬೇಕಾದರೂ ಬೀಳಬಹುದು ಎಂದು ಪಾಠ ಮಾಡಿದೆ. ಅಜ್ಜಿ ಶಾಂತವಾಗಿ ಕೇಳಿಸಿಕೊಂಡು ಹೇಳಿದರು:

"ಹಂಗಾರ ಒಂದೀಟು ಮಳಿ ಬೀಳಸ್ರಿ ಸರ್ರ."

ಬೇವು

ಮರುವರ್ಷ ಅಜ್ಜಿ ಇರಲಿಲ್ಲ. ಅವರು ಕೇಳಿದ ಮಳೆ ನಾನು ಬರೆದಿರಲೇ ಇಲ್ಲ. ಆ ಸಲ ಸೋಮಾರಿತನಕ್ಕೆ ಹಳೆಯ ಯುಗಾದಿ ಪದ್ಯದಲ್ಲಿ 'ಯುಗಾದಿ' ಹೊಡೆದು 'ಕ್ರಿಸ್‌ಮಸ್' ಎಂದು ಬರೆದು ಕೊಟ್ಟೆ. ಮೂರನೇ ನುಡಿಯಲ್ಲಿ ಬೇವು-ಬೆಲ್ಲ ಹಾಗೇ ಉಳಿದಿತ್ತು. ನರ್ಸಬಾಯಿ ಅಲ್ಲಿಗೆ ಬಂದು ಒಮ್ಮೆ ನನ್ನ ಮುಖ ನೋಡಿದರು, ಮತ್ತೆ ಕೊನೆತನಕ ಹಾಡಿದರು. ಆಮೇಲೆ ಕೇಕ್ ಕೈಗಿಟ್ಟು ಮೆಲ್ಲಗೆ ಅಂದರು:

"ಇವತ್ತು ಸಿಹಿ ತಿನ್ರಿ ಸರ್ರ. ಬೇವು ತಿನ್ನಾಕ ಯುಗಾದಿಗೆ ನಿಮ್ಮ ಮನೀಗೆ ನಾನ ಬರ್ತೇನಿ."

ಯುಗಾದಿಗೆ ಮೊದಲೇ ಅವರಿಗೆ ನಿಡಗುಂದಿಗೆ ವರ್ಗವಾಯಿತು.

ಕೂಸು

ಕಳೆದ ವರ್ಷ ಫೋನ್ ಮಾಡಿ ಮತ್ತೆ ಕೇಳಿದರು. ಈ ಸಲ ಮನಸ್ಸಿಟ್ಟು, ನಮ್ಮ ಮಾತಿನಲ್ಲೇ ಬರೆದೆ. ಅಷ್ಟು ಚಂದದ ಪದ್ಯ ನಾನು ಮತ್ತೊಂದು ಬರೆದಿಲ್ಲ. ಕ್ರಿಸ್‌ಮಸ್ ಮುಂಜಾನೆ ವಾಟ್ಸಾಪಿನಲ್ಲಿ ಒಂದೊಂದೇ ಸಾಲಾಗಿ ಕಳಿಸಿ, ನೆಮ್ಮದಿಯಿಂದ ಊಟ ಮಾಡಿ ಮಲಗಿದೆ.

ಸಂಜೆ ನರ್ಸಬಾಯಿಯ ಸಂದೇಶ ಬಂದಿತ್ತು: "ದಾರಿ ನೋಡಿದ್ವಿ ಸರ್ರ. ಹಾಡು ಇಲ್ಲದ ಪ್ರಾರ್ಥನಾ ಮುಗಿಸಿದ್ವಿ."

ಗಾಬರಿಯಿಂದ ಹುಡುಕಿದೆ. ಪದ್ಯ ಹೋದದ್ದು ನಿವೃತ್ತ ಮಾಸ್ತರರ ಗುಂಪಿಗೆ. ಅದೂ ಮೊದಲ ಸಾಲು ಮಾತ್ರ, ಉಳಿದದ್ದು ನೆಟ್‌ವರ್ಕ್ ಇಲ್ಲದೆ ಫೋನಿನಲ್ಲೇ ನಿಂತಿತ್ತು. ಆ ಸಾಲು ಇದು: "ನಮ್ಮ ಮನ್ಯಾಗ ಕೂಸು ಹುಟ್ಟೈತಿ, ಎಲ್ಲಾರೂ ಬರ್ರಿ."

ನಮಗೆ ಮಕ್ಕಳಿಲ್ಲ. ನನಗೆ ಅರವತ್ತೆರಡು.

ನರ್ಸಬಾಯಿಗೆ ಏನೆಂದು ಉತ್ತರ ಬರೆಯಲಿ ಎಂದು ಕುಗ್ಗಿ ಕುಳಿತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ನಾಲತವಾಡದಿಂದ ಹಳೆಯ ಮಾಸ್ತರರಿಬ್ಬರು, ಪೇಢೆಯ ಡಬ್ಬಿ ಮತ್ತು ಕೂಸಿನ ಕುಲಾವಿ ಹಿಡಿದು ಬಂದಿದ್ದರು. ಬಾಗಿಲು ತೆರೆದವಳು ನನ್ನ ಹೆಂಡತಿ. ಅವರನ್ನು ಪಡಸಾಲೆಯಲ್ಲಿ ಕೂರಿಸಿದಳು. ಆಮೇಲೆ ಒಳಗೆ ಬಂದು, ಕುಲಾವಿಯನ್ನು ನನ್ನ ಮುಂದಿಟ್ಟು ಹೇಳಿದಳು:

"ಬಾಣಂತಿ ಹೆಂಗದಾಳ ಅಂತ ಕೇಳಾಕತ್ತಾರ. ಎಲ್ಲಿ ಇಟ್ಟೀರಿ, ನೀವ ಬಂದು ಹೇಳ್ರಿ."