ಎರಡು ಗಂಟೆಯ ದಿಗ್ವಿಜಯ

"ಅರವತ್ತು ಗಂಟೆ ಹಿಡಿಯೋ ಆಟವನ್ನ ಎರಡೇ ಗಂಟೇಲಿ ಮುಗಿಸ್ತೀನಿ. ಇಲ್ಲದಿದ್ರೆ ಈ ಮೀಸೆ ಬೋಳಿಸ್ಕೊಳ್ತೀನಿ!"

ಬಸ್ ಡಿಪೋದ ಕ್ಯಾಂಟೀನಿನಲ್ಲಿ ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಸೆಕೆಂಡ್ ಸಾಹೇಬರು ಹೀಗೆ ಗುಡುಗಿದಾಗ, ಅಲ್ಲಿದ್ದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೆಲ್ಲ ತಿನ್ನುವುದನ್ನು ನಿಲ್ಲಿಸಿ ಆ ಮೀಸೆಯತ್ತ ನೋಡಿದರು. ನೋಡುವಂಥ ಮೀಸೆಯೇ! ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ, ಒಂದು ಕೂದಲೂ ವೇಳೆಗೆ ಮುಂಚೆ ಹೊರಟಿಲ್ಲ, ತಡವಾಗಿಯೂ ಬಂದಿಲ್ಲ.

ಸೆಕೆಂಡ್ ಸಾಹೇಬರು ಎಂಬುದು ಡ್ರೈವರುಗಳು ಇಟ್ಟ ಹೆಸರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಸ್ಟಾಪಿನಲ್ಲಿ ಎಷ್ಟು ಸೆಕೆಂಡು ನಿಲ್ಲಬೇಕು ಎಂದು ಕಾಗದದ ಮೇಲೆ ಬರೆಯುವುದು ಅವರ ಕೆಲಸ. ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದಾರೆ. ಬಸ್ಸು ಓಡಿಸುವುದಿರಲಿ, ಅವರಿಗೆ ಸೈಕಲ್ಲೂ ಬಾರದು.

ಜಗಳ ಶುರುವಾದದ್ದು ಏಳು ನಿಮಿಷದಿಂದ. ಬಸ್ಸು ಒಂದು ತುದಿ ಮುಟ್ಟಿದ ಮೇಲೆ ಡ್ರೈವರಿಗೆ ಏಳು ನಿಮಿಷ ವಿಶ್ರಾಂತಿ ಎಂಬುದು ಡಿಪೋದ ಹಳೆಯ ಪದ್ಧತಿ. "ಸುಮ್ಮನೆ ಕೂತು ಏನ್ ಮಾಡ್ತಾರೆ ಇವರು?" ಎಂದು ಸಾಹೇಬರಿಗೆ ಒಂದು ದಿನ ಹೊಳೆಯಿತು. ಹೊಳೆದದ್ದೇ ತಡ, ಒಂದೇ ಏಟಿಗೆ ಏಳು ನಿಮಿಷಕ್ಕೂ ಕತ್ತರಿ! ವಿಶ್ರಾಂತಿಯೇ ಇಲ್ಲದ ವೇಳಾಪಟ್ಟಿಯ ಹೊಸ ಶೀಟುಗಳು ಅಚ್ಚಾಗಿ ಬಂದವು. ಎರಡು ತಿಂಗಳಲ್ಲಿ ಜಾರಿ ಎಂದು ನೋಟೀಸು ಬಿತ್ತು.

ಹದಿನಾಲ್ಕನೇ ನಂಬರಿನ ಬಸ್ಸಿನ ಹಿರಿಯ ಡ್ರೈವರು, ಎಲ್ಲರ ಬಾಯಲ್ಲೂ ಡ್ರೈವರಣ್ಣ, ಕ್ಯಾಂಟೀನಿಗೇ ಬಂದು ಎದುರು ಕೂತ.

"ಸಾರ್, ಆ ಏಳು ನಿಮಿಷದಲ್ಲೇ ನಾವು ನೀರು ಕುಡಿಯೋದು, ಸೊಂಟ ನೆಟ್ಟಗೆ ಮಾಡ್ಕೊಳ್ಳೋದು. ಒಂದೇ ಒಂದು ಸಲ ನಿಮ್ಮ ಶೀಟನ್ನ ನೀವೇ ಓಡಿಸಿ ನೋಡಿ."

"ಪ್ಲಾನು ಸರಿಯಾಗಿದ್ರೆ ಯಾವುದನ್ನ ಬೇಕಾದ್ರೂ, ಯಾರು ಬೇಕಾದ್ರೂ ಓಡಿಸಬಹುದು ಕಣಯ್ಯಾ!" ಎಂದರು ಸಾಹೇಬರು. ಅಷ್ಟಕ್ಕೇ ನಿಲ್ಲಿಸಿದ್ದರೆ ಮೀಸೆ ಉಳಿಯುತ್ತಿತ್ತು. ಆದರೆ ಅವರ ಮನೆಯಲ್ಲಿ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಒಂದಿತ್ತು. ಅದರಲ್ಲಿ ಕತ್ತಿ ಹಿಡಿದ ವೀರನೊಬ್ಬ ಊರೂರು ಸುತ್ತಿ, ನೂರಾರು ರಾಕ್ಷಸರನ್ನು ಕೊಂದು, ಕಡೆಗೆ ಕಬ್ಬಿಣದ ಗೋಪುರದಲ್ಲಿರುವ ದುಷ್ಟ ದೊರೆಯನ್ನು ಮುಗಿಸುವ ಆಟವಿತ್ತು. ಅಂಥ ಆಟವನ್ನು ಅಡ್ಡದಾರಿ ಹುಡುಕಿ, ನಿಮಿಷ ನಿಮಿಷ ಉಳಿಸಿ, ಆದಷ್ಟು ಬೇಗ ಮುಗಿಸುವುದಕ್ಕೆ ಸ್ಪೀಡ್‌ರನ್ ಎನ್ನುತ್ತಾರೆಂದು ಅವರು ಎಲ್ಲೋ ನೋಡಿ ತಿಳಿದಿದ್ದರು. ಅದನ್ನೇ ಪಣಕ್ಕೆ ಇಟ್ಟರು. ಗೆದ್ದರೆ ಡ್ರೈವರುಗಳು ತುಟಿಪಿಟಕ್ಕೆನ್ನದೆ ಹೊಸ ಶೀಟು ಓಡಿಸಬೇಕು. ಸೋತರೆ ಏಳು ನಿಮಿಷ ವಾಪಸ್ಸು, ಜೊತೆಗೆ ಮೀಸೆ.

ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಚಪ್ಪಲಿ ಬಿಡುತ್ತಿದ್ದಳು. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಅವಳದು. ದಿನಕ್ಕೆ ನಲವತ್ತು ಜನರ ಎದುರು ನಿಂತು "ಈಗ ಕಾಣ್ತಾ? ಈಗ?" ಎಂದು ಕೇಳಿ ಕೇಳಿ ಬಂದಿರುತ್ತಾಳೆ.

"ಆ ಆಟವನ್ನ ನೀವು ಒಂದ್ಸಲನಾದ್ರೂ ಪೂರ್ತಿ ಆಡಿದ್ದೀರಾ?"

"ಆಡೋದು ಕೂಲಿ ಕೆಲಸ. ಪ್ಲಾನು ಮಾಡೋದು ತಲೆ ಕೆಲಸ!"

"ಹಾಗಿದ್ರೆ ಮೀಸೆಯ ಒಂದು ಫೋಟೋ ತೆಗೆಸಿಟ್ಕೊಳ್ಳಿ" ಎಂದು ಅವಳು ಒಳಗೆ ಹೋದಳು.

ಆರಂಭವಾಯಿತು ನೋಡಿ ಮಹಾಯೋಜನೆ! ಹೊಸ ಶೀಟುಗಳು ಬಂದ ಮೇಲೆ ಡಿಪೋದಲ್ಲಿ ಇನ್ನೂ ಏನೂ ತುಂಬದ ಹಳೆಯ ಶೀಟುಗಳ ಕಟ್ಟು ರದ್ದಿಗೆ ಬಿದ್ದಿತ್ತು. ಸಾಹೇಬರು ಅದನ್ನು ಹೊತ್ತು ತಂದರು. ಎಷ್ಟಾದರೂ ಹತ್ತೊಂಬತ್ತು ವರ್ಷ ಕೈ ಪಳಗಿದ ಕಾಗದ. ಸ್ಟಾಪಿನ ಹೆಸರು ಬರೆಯುವ ಜಾಗದಲ್ಲಿ ರಾಕ್ಷಸನ ಹೆಸರು, ಹೊರಡುವ ವೇಳೆಯ ಜಾಗದಲ್ಲಿ ಅವನ ಸಾವಿನ ವೇಳೆ. ಒಂದು ಶೀಟಿಗೆ ಹದಿನಾಲ್ಕು ನಿಮಿಷ, ಒಟ್ಟು ಎಂಟು ಶೀಟು, ಒಂದು ಗಂಟೆ ಐವತ್ತೆರಡು ನಿಮಿಷ. ಇನ್ನೂ ಎಂಟು ನಿಮಿಷ ಕೈಯಲ್ಲೇ ಉಳಿಯಿತು. ಉಳಿದ ಎಂಟು ನಿಮಿಷದಲ್ಲಿ ಏನು ಮಾಡುವುದೆಂಬ ಚಿಂತೆ ಅವರನ್ನು ಒಂದು ವಾರ ಕಾಡಿತು.

ಕರಡು ಶೀಟುಗಳು ಟಿವಿಯ ಹಿಂದಿನ ಗೋಡೆ ಹತ್ತಿದವು, ಕಿಟಕಿಗೆ ಇಳಿದವು, ಫ್ರಿಜ್ಜಿನ ಬಾಗಿಲಿಗೂ ಬಂದವು. ಹಾಲು ತೆಗೆಯಬೇಕೆಂದರೆ ಹೆಂಡತಿ ಮೊದಲು ಆಟದೊಳಗಿನ ಜೌಗುಭೂಮಿಯನ್ನು ಸರಿಸಬೇಕು. ಸಾಹೇಬರ ಕಣ್ಣು ಮನೆಯ ಮೇಲೂ ಬಿತ್ತು.

"ನೀನು ಬೆಳಗ್ಗೆ ಅಡುಗೆಮನೆಗೆ ಮೂರು ಟ್ರಿಪ್ಪು ದಂಡಕ್ಕೆ ಹೊಡೀತೀಯ. ಅಳೆದಿದ್ದೀನಿ."

"ಒಂದು ನಿಮ್ಮ ಟೀಗೆ, ಒಂದು ನಿಮ್ಮ ನೀರಿಗೆ, ಒಂದು ನಿಮ್ಮ ಟಿಫಿನ್ ಡಬ್ಬಿಗೆ. ನಾಳೆಯಿಂದ ಮೂರೂ ರದ್ದು ಬಿಡಿ!"

ರದ್ದಾಗಿಯೇ ಹೋಯಿತು. ಸಾಹೇಬರು ಒಂದು ವಾರ ತಾವೇ ಟೀ ಕಾಸಿಕೊಂಡು ಎರಡು ಪಾತ್ರೆ ಸುಟ್ಟರು.

ಇನ್ನು ಅತ್ತೆ. ಮಗಳ ಮನೆಗೆ ಕಣ್ಣಿನ ಆಪರೇಷನ್ನಿಗೆಂದು ಬಂದವರು. ಪೊರೆ ತೆಗೆಸಿ, ಮಗಳೇ ಆರಿಸಿದ ಕನ್ನಡಕ ಏರಿಸಿದ್ದೇ ತಡ, ಅಚ್ಚಾದದ್ದು ಏನು ಕಂಡರೂ ಓದುವ ಚಟ ಹತ್ತಿಬಿಟ್ಟಿತು. ಸೋಪಿನ ಹೊದಿಕೆ, ಬಲ್ಬಿನ ಡಬ್ಬಿ, ಅಳಿಯನ ಅಂಗಿಯ ಕಾಲರಿನ ಚೀಟಿ, ಯಾವುದನ್ನೂ ಬಿಡಲಿಲ್ಲ. "ಇದನ್ನ ತಣ್ಣೀರಲ್ಲೇ ಒಗೀಬೇಕಂತೆ ಅಳಿಯಂದ್ರೇ, ಹಿಂಡಬಾರದಂತೆ!" ಇಂಥ ಕಣ್ಣು ಸುಮ್ಮನೆ ವ್ಯರ್ಥವಾಗಬಾರದೆಂದು ಸಾಹೇಬರು ಅತ್ತೆಯ ಕೈಗೆ ಸ್ಟಾಪ್‌ವಾಚು ಕೊಟ್ಟು ಕಂಟ್ರೋಲರ್ ಹುದ್ದೆಗೆ ನೇಮಿಸಿದರು. ಶೀಟು ನೋಡಿ ಮುಂದೇನೆಂದು ಕೂಗಿ ಹೇಳುವುದು ಅವರ ಕೆಲಸ.

"ಶೀಟಲ್ಲಿ ಇದ್ದದ್ದು ಇದ್ದ ಹಾಗೇ ನಡೀಬೇಕು ಅತ್ತೆ. ನಾನೇ ಕಾಲಿಗೆ ಬಿದ್ರೂ ಬಿಡಬಾರದು!"

"ಆಗಲಿ ಅಳಿಯಂದ್ರೇ" ಎಂದರು ಅತ್ತೆ. ಅವರು ನಲವತ್ತು ವರ್ಷ ಸಂಸಾರವನ್ನೂ ಹಾಗೇ ನಡೆಸಿದವರು.

ತಾಲೀಮಿನಲ್ಲಿ ಒಂದೇ ಒಂದು ತಕರಾರು ಬಂತು. ಆಟದ ಮೊದಲ ಹಳ್ಳಿಯಲ್ಲಿ ಒಬ್ಬ ಮುದುಕಿ ಬಾವಿಕಟ್ಟೆಯ ಹತ್ತಿರ ನಿಂತು ವೀರನನ್ನು ಕೈಬೀಸಿ ಕರೆಯುತ್ತಾಳೆ. ಸಾಹೇಬರ ವೀರ ಪ್ರತಿ ಸಲವೂ ಕಾಲಿಗೆ ಬುದ್ಧಿ ಹೇಳುತ್ತಿದ್ದ.

"ಅಯ್ಯೋ ಪಾಪ, ಅಷ್ಟು ಕರೀತಿದ್ದಾಳೆ. ಏನಮ್ಮಾ ಅಂತ ಕೇಳಬಾರದಾ?"

"ಕೇಳಿದ್ರೆ ನಲವತ್ತು ಸೆಕೆಂಡು ಹೋಗುತ್ತೆ ಅತ್ತೆ!"

"ಉಳಿಸಿ ಏನ್ಮಾಡ್ತೀರಿ?" ಎಂದು ಅತ್ತೆ ಕೇಳಿದರು.

ಏಳು ವಾರ ಹೀಗೆ ತುಂಡು ತುಂಡಾಗಿ ತಾಲೀಮು ನಡೆಯಿತು. ಎಂಟೂ ಶೀಟನ್ನು ಒಂದೇ ಉಸಿರಿಗೆ ಆಡಿ ನೋಡಿ ಎಂದು ಹೆಂಡತಿ ಹೇಳಿದಾಗಲೆಲ್ಲ ಸಾಹೇಬರು ನಕ್ಕುಬಿಡುತ್ತಿದ್ದರು. "ಬಸ್ಸು ಓಡಿಸಿ ನೋಡಿ ಯಾರಾದ್ರೂ ಟೈಮ್‌ಟೇಬಲ್ ಬರೀತಾರೇನೇ?"

ಭಾನುವಾರ ಬೆಳಗ್ಗೆ ಹತ್ತಕ್ಕೆ ಮುಹೂರ್ತ. ಡ್ರೈವರಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಬ್ಬನೇ ಬಂದ. ಸಾಹೇಬರು ಮೂರು ಲೋಟ ಟೀ ಕುಡಿದು ಆಟದ ರಿಮೋಟು ಹಿಡಿದು ಸೋಫಾದ ತುದಿಯಲ್ಲಿ ಸಿಂಹಾಸನ ಏರಿದಂತೆ ಕೂತರು. ಅತ್ತೆ ಪಕ್ಕದ ಕುರ್ಚಿಯಲ್ಲಿ. ತೊಡೆಯ ಮೇಲೆ ಎಂಟು ಶೀಟು, ಕೈಯಲ್ಲಿ ಸ್ಟಾಪ್‌ವಾಚು.

"ಶೀಟು ಬಿಟ್ಟು ಒಂದು ಹೆಜ್ಜೆ ಆಚೀಚೆ ಆದ್ರೂ ನಾನು ಸೋತ ಹಾಗೆ!" ಎಂದು ಸಾಹೇಬರು ಘೋಷಿಸಿದರು. ಹಾಗೆಂದು ಯಾರೂ ಒತ್ತಾಯಿಸಿರಲಿಲ್ಲ, ಅವರಾಗಿಯೇ ಹೇಳಿದ್ದು.

ಹೊರಟಿತು ದಂಡಯಾತ್ರೆ! ಕೈಬೀಸುವ ಮುದುಕಿ ಹಿಂದೆಯೇ ಉಳಿದಳು. ವೀರ ಮೆಟ್ಟಿಲು ಬಿಟ್ಟು ಬಂಡೆಯಿಂದಲೇ ಧುಮುಕಿದ, ಕಾವಲುಗಾರರ ಕಾಲ ಸಂದಿಯಲ್ಲಿ ನುಸುಳಿದ, ಮೊದಲ ರಾಕ್ಷಸನನ್ನು ಅವನು ಎದ್ದು ನಿಲ್ಲುವ ಮೊದಲೇ ಕೊಂದ. ಹದಿಮೂರು ನಿಮಿಷ ನಲವತ್ತು ಸೆಕೆಂಡು. ಇಪ್ಪತ್ತು ಸೆಕೆಂಡು ಲಾಭ! ಸಾಹೇಬರು ಡ್ರೈವರಣ್ಣನ ಕಡೆ ನೋಡಿ ಮೀಸೆ ತಿರುವಿದರು.

"ನಿಲ್ಲಿ ಅಳಿಯಂದ್ರೇ" ಎಂದರು ಅತ್ತೆ. "ಅದನ್ನ ಇಲ್ಲಿ ಕೊಡಿ."

"ಯಾವುದನ್ನ?"

"ಕೈಯಲ್ಲಿರೋದನ್ನ." ಅತ್ತೆ ಕನ್ನಡಕ ಸರಿಮಾಡಿಕೊಂಡು, ಶೀಟಿನ ತಳದಲ್ಲಿ ಅಚ್ಚಾಗಿದ್ದ ಸಾಲನ್ನು ಸ್ಪಷ್ಟವಾಗಿ ಓದಿದರು. "'ಟ್ರಿಪ್ ಮುಗಿದ ಕೂಡಲೇ ಚಾಲಕನಿಗೆ ಏಳು ನಿಮಿಷ ಕಡ್ಡಾಯ ವಿಶ್ರಾಂತಿ. ಈ ಅವಧಿಯಲ್ಲಿ ಚಾಲಕನು ವಾಹನವನ್ನು ಮುಟ್ಟತಕ್ಕದ್ದಲ್ಲ.'"

ಸಾಹೇಬರು ಶೀಟು ಕಿತ್ತುಕೊಂಡು ನೋಡಿದರು. ಹೌದು, ಇತ್ತು! ಎಂಟು ಶೀಟಿನಲ್ಲೂ ಇತ್ತು, ಗೋಡೆಯ ಮೇಲೂ, ಫ್ರಿಜ್ಜಿನ ಮೇಲೂ ಇತ್ತು. ಹತ್ತೊಂಬತ್ತು ವರ್ಷ ದಿನಾ ಕಂಡು ಕಂಡು, ಆ ಸಾಲು ಅವರ ಕಣ್ಣಿಗೆ ಕಾಗದದ ಬಣ್ಣವೇ ಆಗಿಹೋಗಿತ್ತು.

"ಇದು ಹಳೇ ಶೀಟಿನ ಅಚ್ಚು ಅತ್ತೆ! ಲೆಕ್ಕಕ್ಕಿಲ್ಲ!"

"ಕಾಲಿಗೆ ಬಿದ್ರೂ ಬಿಡಬೇಡಿ ಅಂದಿದ್ರಿ" ಎಂದ ಅತ್ತೆ ಸ್ಟಾಪ್‌ವಾಚಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಶೀಟಲ್ಲಿ ಬಂದ್ಮೇಲೆ ಮುಗೀತಲ್ಲ ಸಾರ್" ಎಂದ ಡ್ರೈವರಣ್ಣ, ಬಹಳ ವಿನಯದಿಂದ. "ನೀವು ನಮಗೆ ದಿನಾ ಹೇಳೋದೂ ಅದೇ ತಾನೆ?"

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. "ದಿನಾ ನಲವತ್ತು ಜನರ ಕಣ್ಣು ನೋಡ್ತೀನಿ. ಮನೇಲೊಬ್ರು ಬಿಟ್ಟುಹೋಗಿದ್ರು."

ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಏಳು ವಿಶ್ರಾಂತಿ, ಏಳೇಳಲ ನಲವತ್ತೊಂಬತ್ತು. ಎರಡು ಗಂಟೆ ನಲವತ್ತೊಂದು ನಿಮಿಷ!

"ಲೇಟಾದ್ರೆ ಸ್ವಲ್ಪ ಜೋರಾಗಿ ಓಡಿಸಿ ಸರಿಮಾಡ್ಕೊಳ್ಳಿ ಅಂತೀರಲ್ಲ ಸಾರ್" ಎಂದ ಡ್ರೈವರಣ್ಣ. "ಹಾಗೇ ಮಾಡಿ."

ಹಾಗೇ ಮಾಡಿದರು. ಎರಡನೇ ಶೀಟಿನಲ್ಲಿ ವೀರನನ್ನು ಎಷ್ಟು ಜೋರಾಗಿ ಓಡಿಸಿದರೆಂದರೆ ಅವನು ಎರಡು ಸಲ ಪ್ರಪಾತಕ್ಕೆ ಬಿದ್ದ. ತುದಿ ಮುಟ್ಟುವಾಗ ನಾಲ್ಕು ನಿಮಿಷ ತಡ. ಮತ್ತೆ ವಿಶ್ರಾಂತಿ! ಅದೋ, ನಿಲ್ಲಿಸುವ ಸೌಕರ್ಯವೇ ಇಲ್ಲದ ಆಟ. ಆಡುವವನು ಕೈಬಿಟ್ಟರೂ ಅಲ್ಲಿನ ಲೋಕ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ವೀರ ಜೌಗಿನ ನಡುವೆ ಕೈಕಟ್ಟಿ ನಿಂತ. ಒಂದು ಕಪ್ಪೆ ಬಂದು ಅವನ ಕಾಲು ಕಚ್ಚಿತು. ಸ್ವಲ್ಪ ಹೊತ್ತು ಬಿಟ್ಟು ಅದರ ಬಂಧುಬಳಗವೂ ಬಂತು. ಆಟದ ರಿಮೋಟು ಅತ್ತೆಯ ಮಡಿಲಲ್ಲಿ, ಸಾಹೇಬರ ಕೈ ಗಾಳಿಯಲ್ಲಿ. ರಾಕ್ಷಸರ ಎದೆ ನಡುಗಿಸಿದ ವೀರ ಎಲ್ಲರ ಕಣ್ಣೆದುರೇ ಕಪ್ಪೆಗಳ ಪಾಲಾದ.

"ಛೆ, ಆ ಮುದುಕಿ ಹತ್ರ ಏನಾದ್ರೂ ಔಷಧಿ ಇತ್ತೋ ಏನೋ" ಎಂದು ಅತ್ತೆ ಮರುಗಿದರು.

ಎರಡನೇ ಶೀಟು ಮೊದಲಿನಿಂದ. ಈ ಸಲ ವೀರನನ್ನು ಒಂದು ಬಂಡೆಯ ಮೇಲೆ ಹತ್ತಿಸಿ ನಿಲ್ಲಿಸಿದ್ದರಿಂದ ವಿಶ್ರಾಂತಿ ಸುಸೂತ್ರವಾಗಿ ಮುಗಿಯಿತು. ಮೂರನೇ ಶೀಟು ಅರ್ಧಕ್ಕೆ ಬರುವ ಹೊತ್ತಿಗೆ ಬೆಳಗಿನ ಮೂರು ಲೋಟ ಟೀ ಒಳಗಿನಿಂದ ತಮ್ಮ ಹಕ್ಕು ಕೇಳತೊಡಗಿದವು. ಎಂಟು ಶೀಟಿನಲ್ಲಿ ಎಲ್ಲೂ ಸಾಹೇಬರು ಅದಕ್ಕೆ ಜಾಗ ಬಿಟ್ಟಿರಲಿಲ್ಲ. ಮೊದಲು ಕಾಲ ಮೇಲೆ ಕಾಲು ಹಾಕಿದರು. ಆಮೇಲೆ ಕಾಲು ಬದಲಿಸಿದರು. ಹಣೆಯಲ್ಲಿ ಬೆವರು ಮೂಡಿತು. ಆ ಶೀಟಿನ ಕಡೆಯ ರಾಕ್ಷಸನನ್ನು ಅವರು ಕೊಂದರೋ, ಅವರ ಮುಖ ನೋಡಿ ಹೆದರಿ ಅವನೇ ಸತ್ತನೋ ಹೇಳುವುದು ಕಷ್ಟ.

"ಚಾಲಕನಿಗೆ ಏಳು ನಿಮಿಷ..." ಎಂದು ಅತ್ತೆ ಓದಲು ಶುರುಮಾಡುವಷ್ಟರಲ್ಲಿ ಸೋಫಾ ಖಾಲಿ! ಬಚ್ಚಲಮನೆಯ ಬಾಗಿಲು ಧಡಾರೆಂದು ಮುಚ್ಚಿತು.

ಹೊರಗೆ ಬಂದ ಸಾಹೇಬರ ಮುಖದಲ್ಲಿ ಒಂದು ಶಾಂತಿ ನೆಲೆಸಿತ್ತು. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದರು. ಸೊಂಟದ ಮೇಲೆ ಕೈಯಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡರು. ಬಂದು ಕೂರುವಾಗ ಇನ್ನೂ ಎರಡು ನಿಮಿಷ ಉಳಿದಿತ್ತು.

"ಹೋಗಿಬಂದ್ರಾ ಸಾರ್?" ಎಂದ ಡ್ರೈವರಣ್ಣ.

ಸಾಹೇಬರು ತಲೆ ತಗ್ಗಿಸಿದರು.

"ಸುಮ್ಮನೆ ಕೂತು ಏನ್ ಮಾಡ್ತಾರೆ ಅಂತ ಕೇಳಿದ್ರಿ. ಇದೇ ಸಾರ್ ನಾವು ಮಾಡೋದು."

ಅವನು ಇದನ್ನು ಗೇಲಿ ಮಾಡಿ ಹೇಳಲಿಲ್ಲ. ಅದೇ ಸಾಹೇಬರಿಗೆ ಹೆಚ್ಚು ನಾಟಿತು. ನಿಜವಾಗಿಯೂ ನಾಚಿಕೆಯಾಯಿತು.

ಸರಿಯಾಗಿ ಹನ್ನೆರಡಕ್ಕೆ ಅತ್ತೆ ಸ್ಟಾಪ್‌ವಾಚು ಒತ್ತಿದರು. ವೀರ ಐದನೇ ಶೀಟಿನ ಹಗ್ಗದ ಸೇತುವೆಯ ನಡುವೆ ತೂಗಾಡುತ್ತಿದ್ದ. ದುಷ್ಟ ದೊರೆ ಕಬ್ಬಿಣದ ಗೋಪುರದಲ್ಲಿ ಕ್ಷೇಮವಾಗಿದ್ದ.

"ಏಳು ನಿಮಿಷ ವಾಪಸ್ ಬಂದ್ರೆ ಸಾಕು ಸಾರ್. ಮೀಸೆ ಇರಲಿ ಬಿಡಿ" ಎಂದ ಡ್ರೈವರಣ್ಣ.

"ಏಳು ನಿಮಿಷ ನಾಳೆ ಬೆಳಗ್ಗೆಯೇ ವಾಪಸ್ಸು. ಆದ್ರೆ ಮಾತು ಅಂದ್ರೆ ಮಾತು!" ಸಾಹೇಬರು ಎದ್ದು ನಿಂತರು. ಸೋತರೇನು, ಗತ್ತು ಹೋಗಿರಲಿಲ್ಲ. ಮೇಜಿನ ಮೇಲಿದ್ದ ಕಾಗದವೊಂದನ್ನು ಎಳೆದುಕೊಂಡು ಏನೋ ಗೀಚಿದರು, ಅತ್ತೆಯ ಕೈಗಿತ್ತರು. "ನೋಡ್ತಾ ಇರಿ, ಎರಡೇ ನಿಮಿಷದ ಕೆಲಸ. ದಾಖಲೆ ಮಾಡಿಬಿಡ್ತೀನಿ!" ಎಂದು ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು, ಬಾಗಿಲು ತೆರೆದಿಟ್ಟೇ, ರೇಜರ್ ಎತ್ತಿದರು. ಸರ್ರನೆ ಎಡಗಡೆಯ ಮೀಸೆ ಇಳಿಯಿತು. ಐವತ್ತು ಸೆಕೆಂಡು! ಹತ್ತು ಸೆಕೆಂಡು ಲಾಭ!

ಬಲಗಡೆಗೆ ರೇಜರ್ ತರುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅದನ್ನು ಮೆಲ್ಲಗೆ ತೆಗೆದುಕೊಂಡಿತು. ಅತ್ತೆ ನಿಂತಿದ್ದರು. ಇನ್ನೊಂದು ಕೈಯಲ್ಲಿ ಆ ಕಾಗದ. ಡಿಪೋದ ಹಳೆಯ ಶೀಟು.

"'ಟ್ರಿಪ್ ಒಂದು, ಎಡಗಡೆ' ಮುಗೀತು ಅಳಿಯಂದ್ರೇ" ಎಂದು ಕನ್ನಡಕ ಸರಿಮಾಡಿಕೊಂಡರು. "ಬನ್ನಿ, ಹೊರಗೆ ಕೂತ್ಕೊಳ್ಳಿ. ಏಳು ನಿಮಿಷ."